ಮನಸ್ಸಿನಲ್ಲಿ ತಿನ್ನುವ ಮಂಡಿಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ಭಾಷೆ, ಗಡಿ, ನದಿನೀರುಗಳನ್ನು ಕುರಿತು ಈ ವೇದಿಕೆಯಿಂದ ಅನೇಕ ವಿದ್ವಾಂಸರು ಮಾತನಾಡಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯ ಅಡುಗೆಮನೆಯದು. ಇದನ್ನು ಹಗುರವಾದ ವಿಷಯವೆಂದು ತಾವು ಭಾವಿಸಬಾರದು. ಒಂದು ಜನಾಂಗದ ನೆನಪು ಗ್ರಂಥಗಳಲ್ಲಿ ಉಳಿಯುವಂತೆಯೇ ಗಡಿಗೆ-ಮಡಕೆಗಳಲ್ಲಿಯೂ ಉಳಿಯುತ್ತದೆ. ಗ್ರಂಥ ಕಳೆದರೆ ಇನ್ನೊಂದು ಪ್ರತಿ ದೊರೆತೀತು. ಕೈಯ ಹದ ಕಳೆದುಹೋದರೆ ಅದಕ್ಕೆ ಪ್ರತಿಯಿಲ್ಲ.

ಕೇಂದ್ರ ಸರ್ಕಾರದ ಸೇವೆಯಲ್ಲಿ ಊರಿಂದೂರಿಗೆ ವರ್ಗವಾಗುತ್ತ ಬಂದ ನನಗೆ ಒಂದು ಅನುಭವ ಎಲ್ಲೆಡೆಯೂ ಸಮಾನವಾಗಿದೆ. ಕರ್ನಾಟಕದವರೆಂದು ತಿಳಿದೊಡನೆ ಸಹೋದ್ಯೋಗಿಗಳು ಇಡ್ಲಿ, ದೋಸೆಗಳ ಹೆಸರು ಹೇಳುತ್ತಾರೆ. ಹೆಚ್ಚು ತಿಳಿದವರು ಬಿಸಿಬೇಳೆ ಬಾತ್‌ನವರೆಗೆ ಬರುತ್ತಾರೆ. ಈ ಪರಿಚಯ ಉಡುಪಿ ಹೋಟೆಲುಗಳ ಕೊಡುಗೆ. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಸ್ಥಾಪಿಸಿದ ಭೋಜನಗೃಹದಂತಹ ಸಂಸ್ಥೆಗಳು ಪರಊರಿನ ಕನ್ನಡಿಗನಿಗೆ ಅನ್ನವಿತ್ತು, ಪರಭಾಷಿಕರಲ್ಲಿ ನಮಗೆ ಗೌರವ ತಂದುಕೊಟ್ಟವು. ಆದರೆ ಹೋಟೆಲು ಒಯ್ಯಬಲ್ಲದ್ದು ವರ್ಷದ ಎಲ್ಲ ದಿನವೂ, ಎಲ್ಲ ಊರಿನಲ್ಲಿಯೂ, ಪೇಟೆಯಲ್ಲಿ ಸಿಗುವ ಸಾಮಗ್ರಿಯಿಂದ ಮಾಡಬಹುದಾದ ತಿಂಡಿಗಳನ್ನು ಮಾತ್ರ. ಒಂದು ನೆಲಕ್ಕೆ, ಒಂದು ಋತುವಿಗೆ, ಒಂದು ಉಪಕರಣಕ್ಕೆ ಕಟ್ಟುಬಿದ್ದ ಅಡುಗೆಗಳು ಊರಿನಲ್ಲಿಯೇ ಉಳಿದವು. ಹೊರಗಿನವರು ಅವುಗಳ ಹೆಸರನ್ನೂ ಕೇಳಿಲ್ಲ.

ಮೊದಲನೆಯ ಉದಾಹರಣೆ ಮಂಡಿಗೆ. ‘ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು’ ಎಂದು ನಾವೆಲ್ಲರೂ ಆಡುತ್ತೇವೆ. ಆಡುವವರಲ್ಲಿ ಮಂಡಿಗೆಯನ್ನು ಕಂಡವರು ವಿರಳ. ಬೆಳಗಾವಿ ಸೀಮೆಯ ಮದುವೆಗಳಲ್ಲಿ ಅದು ಇಂದಿಗೂ ಉಳಿದಿದೆ. ಗೋದಿಯ ನಾದಿದ ಕಣಕದಲ್ಲಿ ಸಕ್ಕರೆ, ತುಪ್ಪಗಳ ಹೂರಣ ತುಂಬಿ, ಅದನ್ನು ಎರಡೂ ಕೈಗಳ ಮೇಲೆ ಹಿಗ್ಗಿಸಿ ಹಿಗ್ಗಿಸಿ ತೆಳುವಾಗಿಸಿ, ಬೋರಲಾಗಿ ಇರಿಸಿದ ದೊಡ್ಡ ಪಾತ್ರೆಯ ಕಾದ ಬೆನ್ನಿನ ಮೇಲೆ ಹಾಸಿ ಬೇಯಿಸುತ್ತಾರೆ, ಬಿಸಿಯಿರುವಾಗಲೇ ಮಡಚುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಂಡಕ’ದ ವಿವರವಿದೆ. ಈ ನೆರೆಯ ಮರಾಠಿಯಲ್ಲಿಯೂ ಅದು ‘ಮಾಂಡೆ’; ಮನಸ್ಸಿನಲ್ಲಿ ಮಾಂಡೆ ತಿನ್ನುವ ನುಡಿಗಟ್ಟು ಅಲ್ಲಿಯೂ ಉಂಟು. ಮಾಂಡೆ ಬೇಯಿಸಲು ಮಡಕೆ ದೊರೆಯದಿದ್ದಾಗ ಮುಕ್ತಾಬಾಯಿಯು ಅಣ್ಣ ಜ್ಞಾನೇಶ್ವರರ ಬೆನ್ನಿನ ಮೇಲೆಯೇ ಅದನ್ನು ಬೇಯಿಸಿದಳೆಂಬ ಆಳಂದಿಯ ಐತಿಹ್ಯವನ್ನು ಪುಣೆಯ ನಿವಾಸಿಗಳಾದ ತಮಗೆ ನಾನು ಹೇಳಬೇಕಾಗಿಲ್ಲ. ಗಡಿಯ ಎರಡೂ ಬದಿಗಳನ್ನು ಒಂದೇ ಮಡಕೆ ಬೆಸೆದಿರುವ ಸಂಗತಿಯಿದು.

ಅದೇ ಬೋರಲು ಮಡಕೆ ಮಲೆನಾಡಿನಲ್ಲಿ ಬೇರೊಂದು ರೂಪ ತಾಳುತ್ತದೆ. ಶಿರಸಿ, ಸಿದ್ದಾಪುರ, ಸಾಗರಗಳಲ್ಲಿ ಆಲೆಮನೆಯ ಕಾಲ ಬಂದಾಗ ಕಬ್ಬಿನ ಹಾಲಿನಲ್ಲಿ ಅಕ್ಕಿಯ ಹಿಟ್ಟನ್ನು ತೆಳ್ಳಗೆ ಕದಡಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಮಡಕೆಯ ಬೆನ್ನಿಗೆ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಕಾಗದದಷ್ಟು ತೆಳುವಾದ ಹಾಳೆ ಎದ್ದು ಬರುತ್ತದೆ. ಅದರ ಹೆಸರು ತೊಡೆದೇವು. ತೊಡೆ ಎಂದರೆ ಬಳಿ, ಲೇಪಿಸು. ಹಳೆಯ ಕನ್ನಡ ಧಾತುವೊಂದು ಈ ತಿನಿಸಿನ ಹೆಸರಿನಲ್ಲಿ ಜೀವಂತವಾಗಿದೆ. ತಿನಿಸು ಹೋದರೆ ಶಬ್ದವೂ ನಿಘಂಟಿಗೆ ಸರಿಯುತ್ತದೆ.

ಇನ್ನು ಕೆಲವು ಅಡುಗೆಗಳು ಪಂಚಾಂಗಕ್ಕೆ ಕಟ್ಟುಬಿದ್ದವು. ಕೊಡಗಿನಲ್ಲಿ ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ. ಅದರ ಬಣ್ಣ ಗಾಢ ನೇರಳೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಔಷಧಗುಣಗಳು ನೆಲಸಿರುತ್ತವೆಂಬುದು ಅಲ್ಲಿಯವರ ನಂಬಿಕೆ. ಉತ್ತರ ಕರ್ನಾಟಕದ ಎಳ್ಳಮಾವಾಸ್ಯೆಯಂದು ರೈತ ಕುಟುಂಬಗಳು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಬಂಧುಮಿತ್ರರೊಡನೆ ಉಣ್ಣುತ್ತವೆ. ಅಂದಿನ ಬುತ್ತಿಯಲ್ಲಿ ಸಜ್ಜೆರೊಟ್ಟಿ ಇರುತ್ತದೆ; ಅಗಸೆಗೆ ಹಸಿಮೆಣಸಿನಕಾಯಿ, ತರಕಾರಿ ಸೇರಿಸಿ ಗಡಿಗೆಯಲ್ಲಿ ಕೆಲವು ದಿನ ಹುಳಿಯಲು ಬಿಟ್ಟ ಕರಿಂಡಿ ಇರುತ್ತದೆ; ಕಲಬುರಗಿ, ಬೀದರಗಳ ಕಡೆ ಕಾಳು, ಸೊಪ್ಪುಗಳನ್ನು ಒಟ್ಟಿಗೆ ಬೇಯಿಸಿದ ಭಜ್ಜಿ ಇರುತ್ತದೆ. ಭೂಮಿಗೆ ಮೊದಲು, ಮನುಷ್ಯನಿಗೆ ಅನಂತರ ಎಂಬುದು ಆ ಊಟದ ಕ್ರಮ.

ಬಂಧುಗಳೆ, ಹೊರಗಿನವರು ಇವನ್ನು ಅರಿಯರೆಂದು ನಾವು ದೂರುತ್ತೇವೆ. ಈ ಹೊರಗಿನವರು ಯಾರು? ಬೀದರದ ಎಷ್ಟು ಮನೆಗಳು ಪತ್ರೊಡೆಯನ್ನು ಬಲ್ಲವು? ಮಂಗಳೂರಿನಲ್ಲಿ ಎಷ್ಟು ಮಂದಿ ಕರಿಂಡಿಯ ಹೆಸರು ಕೇಳಿದ್ದಾರೆ? 1956ರಲ್ಲಿ ನಮ್ಮ ಭೂಪಟ ಒಂದಾಯಿತು. 1973ರಲ್ಲಿ ಹೆಸರು ಕರ್ನಾಟಕವಾಯಿತು. ಊಟದ ಎಲೆ ಮಾತ್ರ ಇನ್ನೂ ಒಂದಾಗಿಲ್ಲ. ಒಬ್ಬರ ಅಡುಗೆಗೆ ಇನ್ನೊಬ್ಬರು ಹೊರಗಿನವರೇ.

ಇದರಲ್ಲಿ ಅಪರಿಚಯದ ಜೊತೆಗೆ ಸಂಕೋಚವೂ ಸೇರಿದೆ. ಕೊಡವರ ಕಾಚಂಪುಳಿ ಹಾಕಿದ ಹಂದಿಯ ಸಾರು, ಕರಾವಳಿಯ ಒಣಮೀನಿನ ಚಟ್ನಿ, ಮಲೆನಾಡಿನ ಕೆಂಪಿರುವೆಯ ಚಿಗಳಿ ಚಟ್ನಿ ಇವುಗಳ ಹೆಸರನ್ನು ಸಂಘದ ಸಭೆಗಳಲ್ಲಿ ಎತ್ತಲು ನಾವು ಹಿಂಜರಿಯುತ್ತೇವೆ. ಕಲ್ಯಾಣದ ದೊರೆಯು ಮಂಡಕವನ್ನು ಬರೆದ ಕೃತಿಯಲ್ಲಿಯೇ ಮೀನು, ಏಡಿ, ಹಂದಿಮಾಂಸಗಳ ಪಾಕವನ್ನೂ ಬರೆದಿಟ್ಟ, ಆತನಿಗೆ ಸಂಕೋಚವಿರಲಿಲ್ಲ. ನಮ್ಮ ಸಾಮೂಹಿಕ ಭೋಜನ ಸಸ್ಯಾಹಾರವಾಗಿರುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕರ್ನಾಟಕದ ಊಟವೆಂಬ ಪಟ್ಟಿ ಅಲ್ಲಿಗೇ ಮುಗಿಯಿತೆಂದರೆ ನಮ್ಮಲ್ಲಿಯೇ ಹಲವರ ಮನೆಯ ಒಲೆಯನ್ನು ನಾವು ನಾಡಿನ ಹೊರಗಿಟ್ಟಂತೆ.

ಹೆಸರು ಗೌರವವನ್ನು ಹೇಗೆ ನಿರ್ಧರಿಸುತ್ತದೆ ಎಂಬುದಕ್ಕೆ ನಮ್ಮ ಕಿರುಧಾನ್ಯಗಳೇ ಸಾಕ್ಷಿ. ನವಣೆ, ಸಾಮೆ, ಹಾರಕ, ಬರಗು, ಊದಲುಗಳನ್ನು ನಾವೇ ತೃಣಧಾನ್ಯಗಳೆಂದು ಕರೆದೆವು. ಸರ್ಕಾರಿ ಕಡತಗಳಲ್ಲಿ ಅವು ಒರಟು ಧಾನ್ಯಗಳಾಗಿದ್ದವು. 2018ರಲ್ಲಿ ಭಾರತ ಸರ್ಕಾರ ಅವನ್ನು ಪೌಷ್ಟಿಕ ಧಾನ್ಯಗಳೆಂದು ಅಧಿಸೂಚಿಸಿತು. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ 2023ನೆಯ ವರ್ಷವನ್ನು ಅವುಗಳ ಹೆಸರಿನಲ್ಲಿ ಆಚರಿಸಿತು. ಇಂದು ಅವು ಸಿರಿಧಾನ್ಯಗಳು, ಅಂಗಡಿಯ ಅಲಂಕೃತ ಪೊಟ್ಟಣಗಳಲ್ಲಿ ಬರುತ್ತವೆ. ಸಂತೋಷ. ಆದರೆ ಪೊಟ್ಟಣದ ಮೇಲೆ ಪೋಷಕಾಂಶಗಳ ಪಟ್ಟಿಯಿರುತ್ತದೆ. ನವಣೆಯ ಅನ್ನಕ್ಕೆ ಯಾವ ಸಾರು ಹೊಂದುತ್ತದೆ ಎಂಬ ತಿಳಿವಳಿಕೆ ಇರುವುದಿಲ್ಲ. ಅದು ಇರುವುದು ಬಯಲುಸೀಮೆಯ ಅಜ್ಜಿಯರಲ್ಲಿ.

ಅಂತಹ ಅಜ್ಜಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಮಗನ ನೌಕರಿಯ ಕಾರಣದಿಂದ ಇಲ್ಲಿಗೆ ಬಂದು, ಬಹುಮಹಡಿ ಕಟ್ಟಡಗಳಲ್ಲಿ ಮಾತಿಗೆ ಜನರಿಲ್ಲದೆ ಕುಳಿತಿದ್ದಾರೆ. ಸಂಘದ ಮುಂದೆ ಎರಡು ಸಲಹೆಗಳನ್ನು ಇಡಬಯಸುತ್ತೇನೆ. ಮೊದಲನೆಯದು, ನಮ್ಮ ತರುಣ ತರುಣಿಯರು ಆ ಹಿರಿಯರ ಬಳಿ ಕುಳಿತು ಅಡುಗೆಯನ್ನು ಅದರ ಪಾತ್ರೆ, ಅಳತೆ, ಹಬ್ಬ, ಊರುಗಳ ಸಮೇತ ಬರೆದುಕೊಳ್ಳಲಿ. ಅಜ್ಜಿ ಆಡಿದ ಮಾತಿನಲ್ಲಿಯೇ ಅದು ಈ ತ್ರೈಮಾಸಿಕದಲ್ಲಿ ಅಚ್ಚಾಗಲಿ. ಎರಡನೆಯದು, ಪ್ರತಿ ರಾಜ್ಯೋತ್ಸವಕ್ಕೆ ಒಂದು ಸೀಮೆಯ ಊಟ ಇರಲಿ, ಆ ಸೀಮೆಯವರೇ ಮಾಡಲಿ, ಉಳಿದವರು ಕಲಿಯುತ್ತ ಉಣ್ಣಲಿ.

ನಾಡಿನಿಂದ ದೂರವಿರುವ ನಮಗೆ ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು ಸುಲಭ. ನೆನಪುಗಳು ಸಿಹಿಯಾಗಿರುತ್ತವೆ, ಹಿಟ್ಟು ನಾದುವ ಶ್ರಮವೂ ಇರುವುದಿಲ್ಲ. ಆದರೆ ಮನಸ್ಸಿನ ಮಂಡಿಗೆಯನ್ನು ಮಕ್ಕಳಿಗೆ ಬಡಿಸಲಾಗದು. ಹಿಟ್ಟು ನಾದಬಲ್ಲ ಕೈಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕೋಣ.