ಲಾಸಾ ನಗರದ ಮೊದಲ ದಿನ

ಸಮುದ್ರಮಟ್ಟದಿಂದ ಸುಮಾರು 3,650 ಮೀಟರು ಎತ್ತರದಲ್ಲಿರುವ ಲಾಸಾ ನಗರವು, ಬೆನ್ನಿಗೆ ಚೀಲವೇರಿಸಿ ಬಂದ ತರುಣ ಪಥಿಕನಿಗೆ ಮೊದಲು ಪರಿಚಯವಾಗುವುದು ಉಸಿರಿನ ಮೂಲಕ. ಕಡಲತೀರದಲ್ಲಿ ಒಂದು ಶ್ವಾಸಕ್ಕೆ ದೊರೆಯುವ ಪ್ರಾಣವಾಯುವಿನ ಮೂರರಲ್ಲಿ ಎರಡು ಪಾಲು ಮಾತ್ರವೇ ಅಲ್ಲಿ ಲಭ್ಯವಾಗುವುದರಿಂದ, ನಾಲ್ಕು ಮೆಟ್ಟಿಲೇರುವಷ್ಟರಲ್ಲಿ ಎದೆ ಡವಗುಟ್ಟಿ, ತಲೆ ಭಾರವಾಗಿ, ತಾರುಣ್ಯದ ಗರ್ವವೆಲ್ಲ ಗೋಡೆಗೊರಗಿ ಕುಳಿತುಬಿಡುತ್ತದೆ.

ಹೀಗೆ ಮಂದಗತಿಯನ್ನು ಬಲವಂತದಿಂದ ಕಲಿತವನು, ಏಳನೆಯ ಶತಮಾನದಲ್ಲಿ ಸೊಂಗ್‌ತ್ಸೆನ್ ಗಂಪೊ ಅರಸನ ಕಾಲಕ್ಕೆ ತಲೆಯೆತ್ತಿದ ಜೋಖಾಂಗ್ ದೇಗುಲದ ಸುತ್ತಣ ಬಾರ್ಖೋರ್ ಬೀದಿಗೆ ಬಂದನೆಂದರೆ, ಪ್ರಾರ್ಥನಾಚಕ್ರವನ್ನು ತಿರುಗಿಸುತ್ತ ಪ್ರದಕ್ಷಿಣೆ ಬರುವ ವೃದ್ಧೆಯರ ನಡಿಗೆಗೆ ಅವನ ನಡಿಗೆಯೂ ತಾನಾಗಿ ಹೊಂದಿಕೊಳ್ಳುತ್ತದೆ. ಬಾಗಿಲ ಮುಂದಿನ ಹಾಸುಗಲ್ಲುಗಳು, ತಲೆಮಾರುಗಳ ಭಕ್ತರು ಅಂಗೈಗೆ ಮರದ ಹಲಗೆ ಕಟ್ಟಿಕೊಂಡು ದೀರ್ಘದಂಡ ಪ್ರಣಾಮ ಮಾಡಿದುದರಿಂದ, ಕನ್ನಡಿಯಂತೆ ನುಣುಪಾಗಿವೆ. ಒಳಗೆ ಬೆಣ್ಣೆಯ ದೀಪಗಳ ಜಿಡ್ಡುವಾಸನೆ. ಅದು ಎಲ್ಲರಿಗೂ ಹಿಡಿಸುವಂಥದಲ್ಲವೆಂದು ಹೇಳಿದರೆ ಅಪಚಾರವಾಗಲಾರದು.

ಐದನೆಯ ದಲೈಲಾಮಾ 1645ರಲ್ಲಿ ಕಟ್ಟಿಸತೊಡಗಿದ ಪೊಟಾಲ ಅರಮನೆಯು ಬೆಟ್ಟದ ಮೇಲೆ ಭವ್ಯವಾಗಿಯೇ ನಿಂತಿದೆ. ಆದರೆ ಅಂದಿನ ದಲೈಲಾಮಾ ದೇಶ ತೊರೆದ 1959ರಿಂದ ಅದಕ್ಕೆ ಒಡೆಯನಿಲ್ಲ. ಪ್ರವಾಸಿಗರು ಟಿಕೇಟು ಕೊಂಡು ನೋಡುತ್ತಾರೆ.

ಕನ್ನಡದ ಪಥಿಕನಾದರೋ ನಗರದ ಉತ್ತರದಂಚಿನ ಸೆರಾ ವಿಹಾರದಲ್ಲಿ, ಚಪ್ಪಾಳೆ ತಟ್ಟಿ ತಟ್ಟಿ ತರ್ಕಿಸುವ ಭಿಕ್ಷುಗಳನ್ನು ಕಂಡು, ಇದನ್ನು ಎಲ್ಲಿಯೋ ಕಂಡಿರುವೆನೆಂದು ಬೆರಗಾಗುವನು. 1419ರಲ್ಲಿ ಸ್ಥಾಪಿತವಾದ ಆ ವಿಹಾರದ ಪರಂಪರೆಯನ್ನೇ ಟಿಬೆಟಿನ ನಿರಾಶ್ರಿತರು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ, ಪುನಃ ಪ್ರತಿಷ್ಠಾಪಿಸಿದ್ದಾರೆ. ಅಲ್ಲಿ ಉಸಿರಿಗೆ ಯಾವ ಕೊರತೆಯೂ ಇಲ್ಲ.