ಸೋರಿದ ಅಂಕಿ, ಮುಚ್ಚಿದ ವರದಿ

(ಕುರ್ತಕೋಟಿಯ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



2015ರ ಬೇಸಿಗೆಯಲ್ಲಿ ಮಾಸ್ತರರು ಮನೆಮನೆಗೆ ಬಂದು ನಮ್ಮ ಜಾತಿ, ಓದು, ಹೊಲ, ಉದ್ಯೋಗ ಎಲ್ಲವನ್ನೂ ಬರೆದುಕೊಂಡು ಹೋದರು. ಅದು ಕಾಂತರಾಜು ಅವರ ನೇತೃತ್ವದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. 160 ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಯಿತು. ವರದಿ ಮಾತ್ರ ಹೊರಬರಲಿಲ್ಲ. 2018ರ ಚುನಾವಣೆಯ ಹೊತ್ತಿಗೆ ಅದರದೆನ್ನಲಾದ ಅಂಕಿಗಳು ಪತ್ರಿಕೆ, ಟಿವಿಗಳಲ್ಲಿ ಬಂದವು. 2024ರ ಫೆಬ್ರವರಿ 29ರಂದು ಜಯಪ್ರಕಾಶ್ ಹೆಗ್ಡೆಯವರು ವರದಿ ಒಪ್ಪಿಸಿದರು. 2025ರ ಏಪ್ರಿಲ್ 11ರಂದು ಅದು ಸಂಪುಟದ ಮುಂದೆ ಬಂತು. ಜನರ ಕೈಗೆ ಬರುವ ಮೊದಲೇ ಅಂಕಿ ಮತ್ತೆ ಸೋರಿತು: ವೀರಶೈವ-ಲಿಂಗಾಯತರು 66.35 ಲಕ್ಷ, ಶೇ. 11.

ನಮ್ಮವರು ಸಿಟ್ಟಾದರು. ಆದರೆ ಸಿಟ್ಟು ಯಾರ ಮೇಲೆ? ಸುದ್ದಿ ಕೊಟ್ಟವರ ಮೇಲಾದರೆ ಅದು ತಪ್ಪು. ಜನರ ದುಡ್ಡಿನಲ್ಲಿ ಆದ ವರದಿಯನ್ನು ವರ್ಷಗಟ್ಟಲೆ ಬೀಗ ಹಾಕಿಟ್ಟರೆ ಯಾರಾದರೂ ಕಿಟಕಿ ತೆರೆದೇ ತೆರೆಯುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆ ಸಂಪುಟದ ಕಡತಗಳಿಗೆ ರಕ್ಷಣೆ ಕೊಟ್ಟಿದೆ, ನಿಜ. ಆದರೆ ತೀರ್ಮಾನವಾದ ಮೇಲೆ ಅದರ ಕಾರಣ, ಆಧಾರಗಳನ್ನು ಪ್ರಕಟಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

ಮಾಧ್ಯಮದವರಿಗೂ ಒಂದು ಮಾತು. ಒಟ್ಟು ಸಂಖ್ಯೆ ತೋರಿಸಿ ಜಾತಿ ಜಾತಿಗಳನ್ನು ಕುಸ್ತಿಗೆ ಬಿಟ್ಟರೆ ಕೆಲಸ ಮುಗಿಯಲಿಲ್ಲ. ಯಾವ ಒಳಪಂಗಡ ಯಾವ ಕಲಮಿನಲ್ಲಿ ಸೇರಿತು, ಯಾವ ಮನೆಗೆ ಗಣತಿದಾರರು ಹೋಗಲಿಲ್ಲ ಎಂದು ಕೇಳಬೇಕಿತ್ತು.

ಇನ್ನು ನಮ್ಮದೇ ತಪ್ಪು. 2ಎ ಪ್ರಮಾಣಪತ್ರಕ್ಕಾಗಿ ‘ಹಿಂದೂ ಗಾಣಿಗ’ ಎಂದು ಬರೆಸುತ್ತೇವೆ, ಮಠಕ್ಕೆ ಬಂದಾಗ ಲಿಂಗಾಯತರಾಗುತ್ತೇವೆ. ಮೀಸಲಾತಿ ಕೇಳುವುದು ಬಡ ಮಕ್ಕಳ ಅನಿವಾರ್ಯ, ಅದನ್ನು ಹೀಯಾಳಿಸಲಾರೆ. ಆದರೆ ಕೊರಳಲ್ಲಿ ಇಷ್ಟಲಿಂಗ ಒಂದು, ಕಾಗದದಲ್ಲಿ ಧರ್ಮ ಇನ್ನೊಂದು ಆದಾಗ, ಎಣಿಕೆ ಕಡಿಮೆ ಬಂತೆಂದು ಎಣಿಸಿದವರನ್ನು ಮಾತ್ರ ದೂರುವುದು ನ್ಯಾಯವಲ್ಲ.

2025ರ ಸೆಪ್ಟೆಂಬರ್ 22ರಂದು ಹೊಸ ಸಮೀಕ್ಷೆ ಶುರುವಾಯಿತು. ಜನರು ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು, ಉತ್ತರಿಸುವಂತೆ ಒತ್ತಾಯಿಸಬಾರದು ಎಂದು ಹೈಕೋರ್ಟ್ ಹೇಳಿತು. ಇಲ್ಲಿರುವ ಭೇದ ತಿಳಿಯಿರಿ. ಒಂದು ಮನೆಯ ಸಾಲ, ಆಸ್ತಿಯ ವಿವರ ಆ ಮನೆಯದು. ಅದು ಸೋರಿದರೆ ದ್ರೋಹ. ಇಡೀ ನಾಡಿನ ಲೆಕ್ಕ ನಾಡಿನದು. ಅದನ್ನು ಬಚ್ಚಿಟ್ಟರೂ ದ್ರೋಹವೇ.

ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಮುಂದೆ ಎಲ್ಲ ಕಾಯಕದವರೂ ಕೂತು ಬಹಿರಂಗವಾಗಿ ಚರ್ಚಿಸಿದರು. ಆ ಪರಂಪರೆಯವರು ನಾವು. ಆದ್ದರಿಂದ ಸಂಖ್ಯೆ ಹೆಚ್ಚಿರಲಿ, ಕಡಿಮೆ ಇರಲಿ, ಪೂರ್ತಿ ವರದಿಯನ್ನು ಕನ್ನಡದಲ್ಲಿ ಪ್ರಕಟಿಸಿ ಎಂದು ಕೇಳೋಣ. ನಮಗೆ ಅನುಕೂಲವಾದ ಪುಟವನ್ನಷ್ಟೇ ಕೇಳುವುದು ಬೇಡ. ಸೋರಿದ ಅಂಕಿ ಕೈಗೆ ಬಂದರೆ ಮೊಬೈಲಿನಲ್ಲಿ ಹಂಚುವ ಮೊದಲು ಮೂಲ ಯಾವುದೆಂದು ನೋಡೋಣ.