ಬೇಟೆಗಾರನ ಕಣ್ಣು, ಹಾವಿನ ಚಿತ್ರ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ಹಾವುಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹಾವಿನ ಸುದ್ದಿ ನಿಮಗೆ ಹೊಸದಲ್ಲ. ಹುಲ್ಲಿನ ಬಣವೆ ಕೀಳುವಾಗ, ರಾತ್ರಿ ಗದ್ದೆಗೆ ನೀರು ತಿರುಗಿಸಲು ಹೋದಾಗ, ಕೊಯ್ಲಿನ ಕಾಲದಲ್ಲಿ ಅದು ಎದುರಾಗುತ್ತಲೇ ಇರುತ್ತದೆ. ಆದರೆ ಹಾವನ್ನು ಕೊಂದು ಜೀವನ ಮಾಡುತ್ತಿದ್ದ ಬೇಟೆಗಾರರೇ ಇಂದು ಅದರ ಲೆಕ್ಕವಿಡುವವರಿಗೆ ಬಲಗೈಯಾಗಿರುವ ಸಂಗತಿ ನಿಮ್ಮಲ್ಲಿ ಅನೇಕರಿಗೆ ಹೊಸದಾಗಿರಬಹುದು.

ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯಲ್ಲಿ ಇರುಳರೆಂಬ ಜನರಿದ್ದಾರೆ. ಹಾವು ಹಿಡಿಯುವುದು ಅವರಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಹಿಂದೆ ಹಾವಿನ ಚರ್ಮಕ್ಕೆ ಒಳ್ಳೆಯ ಬೆಲೆಯಿತ್ತು. ಅವರು ಹಿಡಿದ ಹಾವುಗಳ ಚರ್ಮ ಪರದೇಶಗಳಿಗೆ ಹೋಗುತ್ತಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು, 1976ರಲ್ಲಿ ಚರ್ಮದ ರಫ್ತು ನಿಂತಿತು. ಅವರ ಒಲೆ ಆರುವ ಕಾಲ ಬಂದಿತು. ಆಗ ರೊಮುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಹಾವು ಹಿಡಿಯುವವರದೇ ಒಂದು ಸಹಕಾರ ಸಂಘ ಏರ್ಪಟ್ಟಿತು. ಸಹಕಾರ ಸಂಘವೆಂದರೆ ನಮಗೆ ಹಾಲು, ಗೊಬ್ಬರ, ಸಾಲ ನೆನಪಾಗುತ್ತವೆ. ಇವರ ಸಂಘದ ಸರಕು ವಿಷ! ಹಿಡಿದು ತಂದ ಹಾವನ್ನು ಕೆಲವು ವಾರ ಇಟ್ಟುಕೊಂಡು, ನಾಲ್ಕು ಸಲ ವಿಷ ತೆಗೆದು, ಹೊಟ್ಟೆಯ ಹುರುಪೆಯ ಮೇಲೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಅದೇ ಹಾವು ಪುನಃ ಸಿಕ್ಕಿದರೆ ಗುರುತು ಹೇಳಿಬಿಡುತ್ತದೆ. ಹಾವು ಕಚ್ಚಿದಾಗ ಆಸ್ಪತ್ರೆಯಲ್ಲಿ ಕೊಡುವ ಔಷಧಿಗೆ ಬೇಕಾದ ವಿಷದಲ್ಲಿ ಬಹುಪಾಲು ಈ ಸಂಘದಿಂದಲೇ ಬರುತ್ತಿದೆ.

ಇವರ ಕೀರ್ತಿ ಅಮೆರಿಕದವರೆಗೂ ಹೋಯಿತು. ಅಲ್ಲಿಯ ಫ್ಲಾರಿಡಾ ರಾಜ್ಯದ ಜೌಗು ಕಾಡಿನಲ್ಲಿ ನಮ್ಮ ಏಷ್ಯಾ ಕಡೆಯ ಹೆಬ್ಬಾವುಗಳು ಸೇರಿಕೊಂಡಿವೆ. ಸಾಕುವುದಕ್ಕೆಂದು ತಂದವು ಕಾಡು ಸೇರಿ ಬೆಳೆದು, ಅಲ್ಲಿನ ಸಣ್ಣ ಪ್ರಾಣಿಗಳನ್ನು ನುಂಗಿ ಬರಿದು ಮಾಡುತ್ತಿವೆ. ಕಾಲ ಬುಡದಲ್ಲಿದ್ದರೂ ಕಣ್ಣಿಗೆ ಬೀಳದ ಹಾವು ಅದು. 2017ರಲ್ಲಿ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಎಂಬ ಇಬ್ಬರು ಇರುಳರನ್ನು ಅಲ್ಲಿಗೆ ಕರೆಸಿಕೊಂಡರು. ಎರಡು ತಿಂಗಳೊಳಗೆ ಇವರು 33 ಹೆಬ್ಬಾವು ಹಿಡಿದುಕೊಟ್ಟರು; ಒಂದು 16 ಅಡಿ ಉದ್ದವಿತ್ತು. ಅವರು ಹಾವನ್ನು ಹುಡುಕಲಿಲ್ಲ, ಹಾವಿನ ಗುರುತನ್ನು ಹುಡುಕಿದರು: ಕಳಚಿದ ಪೊರೆ, ಹಿಕ್ಕೆ, ಮಣ್ಣಿನ ಮೇಲೆ ಹೊಟ್ಟೆ ಎಳೆದ ಜಾಡು. 2023ರಲ್ಲಿ ಭಾರತ ಸರ್ಕಾರ ಈ ಇಬ್ಬರಿಗೂ ಪದ್ಮಶ್ರೀ ಕೊಟ್ಟಿತು. ಯೋಗ್ಯರಿಗೆ ಸಂದ ಗೌರವವೆಂದೇ ನನ್ನ ಅಭಿಪ್ರಾಯ.

ಅದೇ 2023ರಲ್ಲಿ ಫ್ಲಾರಿಡಾದ ಬೇಟೆಗಾರರು ಹಿಡಿದ ಒಂದು ಹೆಬ್ಬಾವು 19 ಅಡಿ ಇತ್ತು. ಅವರು ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಸುಮ್ಮನಾಗಲಿಲ್ಲ. ಸಂಶೋಧಕರ ಬಳಿಗೆ ಒಯ್ದು ಅಳತೆ ಮಾಡಿಸಿ ದಾಖಲೆ ಮಾಡಿಸಿದರು. ಹಾಗೆ ಮಾಡಿರದಿದ್ದರೆ ಅದು ಹರಟೆ ಕಟ್ಟೆಯ ಮಾತಾಗಿ ಉಳಿಯುತ್ತಿತ್ತು. ಹರಟೆಯಲ್ಲಿ ಹಾವು ದಿನಕ್ಕೊಂದು ಅಡಿ ಬೆಳೆಯುತ್ತದೆಂಬುದು ನಿಮಗೆ ತಿಳಿದೇ ಇದೆ.

ಅಲ್ಲಿ ಕೊಲ್ಲದೆ ದಾಖಲೆ ಮಾಡುವ ಕ್ರಮವೂ ಉಂಟು. ಫ್ಲಾರಿಡಾದ ಮರಳು ನೆಲದ ಪೈನ್ ಕಾಡುಗಳಲ್ಲಿ ಆ ನಾಡಿನದೇ ಆದ ಕೆಲವು ಅಪರೂಪದ ಹಾವುಗಳಿವೆ. ಆಯುಷ್ಯದ ಹೆಚ್ಚು ಭಾಗವನ್ನು ನೆಲದೊಳಗೇ ಕಳೆಯುವ ಇವುಗಳನ್ನು ಕಂಡವರು ಒಂದು ಫೋಟೋ ತೆಗೆದು, ಎಲ್ಲಿ, ಯಾವ ದಿನ ಎಂಬುದನ್ನು ತಿಳಿಸಬೇಕೆಂದು ಅಲ್ಲಿನ ವನ್ಯಜೀವಿ ಇಲಾಖೆ ಕೇಳಿಕೊಂಡಿದೆ. ಬೆಳಕು ಹರಿಯುವ ಮೊದಲೇ ಕಾಡು ಹೊಕ್ಕು ಸದ್ದಿಲ್ಲದೆ ನಡೆಯುವವನು ಬೇಟೆಗಾರ. ಹತ್ತು ಮಂದಿ ವಿಜ್ಞಾನಿಗಳು ವರ್ಷವಿಡೀ ಅಲೆದರೂ ಕಾಣದಿರುವುದು ಅವನಿಗೆ ಒಂದು ಮುಂಜಾನೆ ಕಂಡೀತು. ಅವನು ಬಾಯಲ್ಲಿ ಹೇಳಿದರೆ ನಂಬುವವರು ಕಡಿಮೆ. ಚಿತ್ರ ತೋರಿಸಿದರೆ ಹುರುಪೆಯ ಸಾಲು ಎಣಿಸಿ ಇಂಥದೇ ಹಾವೆಂದು ನಿಶ್ಚಯಿಸಬಹುದು.

ಇದರಿಂದ ನಮಗೇನು ಎಂದು ಕೇಳುವಿರಿ. ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಸಾಯುವವರು ಬಹುಮಟ್ಟಿಗೆ ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಔಷಧಿ ಎಲ್ಲ ಕಡೆಯೂ ಒಂದೇ ಸಮನೆ ಕೆಲಸ ಮಾಡುವುದಿಲ್ಲ. ಯಾವ ಸೀಮೆಯಲ್ಲಿ ಯಾವ ಹಾವು ಇದೆಯೆಂಬ ನಕ್ಷೆ ಬೇಕು. ಆ ನಕ್ಷೆಗೆ ನಿಮ್ಮ ಹೊಲದ ಬದುವಿನ ಒಂದು ಚಿತ್ರವೂ ಸೇರಬಹುದು.

ಮತ್ತೊಂದು ಪ್ರಯೋಜನವೂ ಉಂಟು. ಮಣ್ಣುಮುಕ್ಕ ಹಾವನ್ನು ಕೊಳಕುಮಂಡಲವೆಂದು ಬಡಿದು ಹಾಕುವುದು ಎಲ್ಲ ಊರಲ್ಲೂ ನಡೆಯುತ್ತದೆ. ಕೊಳಕುಮಂಡಲಕ್ಕೆ ಬೆನ್ನಿನ ಮೇಲೆ ಸರಪಣಿಯಂತೆ ಒಪ್ಪವಾದ ಮೂರು ಸಾಲು ಮಚ್ಚೆ. ಮಣ್ಣುಮುಕ್ಕನಿಗೆ ಕಲೆಗಳು ಅಡ್ಡಾದಿಡ್ಡಿ, ಬಾಲ ಮೋಟು. ಕಟ್ಟುಹಾವಿನ ಬಿಳಿ ಪಟ್ಟೆಗಳು ತಲೆಯ ಹತ್ತಿರ ಮಾಸಿ ಹಿಂದಕ್ಕೆ ಸ್ಪಷ್ಟವಾಗುತ್ತವೆ. ವಿಷವಿಲ್ಲದ ತೋಳದ ಹಾವಿಗೆ ಮುಂದೆ ಸ್ಪಷ್ಟ, ಹಿಂದೆ ಮಾಸಲು. ಓಡುವ ಹಾವಿನಲ್ಲಿ, ಅದೂ ಹೆದರಿದ ಕಣ್ಣಿಗೆ, ಇದು ಕಾಣದು. ಚಿತ್ರದಲ್ಲಿ ನಿಧಾನವಾಗಿ ಕಾಣುತ್ತದೆ. ಆದರೂ ಗುರುತು ಸಿಕ್ಕಿತೆಂದು ಹಾವನ್ನು ಮುಟ್ಟಬಾರದು.

ಚಿತ್ರ ತೆಗೆಯುವವರು ಹಾವಿನಿಂದ ಎರಡು ಆಳುದ್ದಕ್ಕಿಂತ ಹತ್ತಿರ ಹೋಗಬಾರದು. ಮೊಬೈಲಿನಲ್ಲೇ ಹಿಗ್ಗಿಸಿ ತೆಗೆಯಿರಿ. ಕೋಲಿನಿಂದ ಒತ್ತುವುದು, ಬಾಲ ಹಿಡಿದೆತ್ತುವುದು, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಯುವುದು ಪೌರುಷವಲ್ಲ, ಹುಚ್ಚು. ಇರುಳರ ಕೈಚಳಕ ಅವರಿಗೆ ತಲೆಮಾರುಗಳಿಂದ ಬಂದದ್ದು. ಅನುಮತಿಯಿಲ್ಲದೆ ಹಿಡಿಯುವುದು ಕಾನೂನಿಗೂ ವಿರುದ್ಧ. ಇಡೀ ಮೈ ಒಂದು ಚಿತ್ರದಲ್ಲಿ ಬರಲಿ, ಸಾಧ್ಯವಾದರೆ ತಲೆಯ ಪಕ್ಕದ್ದೊಂದು. ಯಾರಿಗಾದರೂ ಕಚ್ಚಿದ್ದರೆ ಮಾತ್ರ ಚಿತ್ರದ ಯೋಚನೆ ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೊರಡಿ. ವೈದ್ಯರು ರೋಗಿಯ ಲಕ್ಷಣ ನೋಡಿ ಔಷಧಿ ಕೊಡುತ್ತಾರೆ, ಹಾವನ್ನು ಹೊತ್ತೊಯ್ಯಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ. ಎರಡು ತಲೆ ಹಾವೆಂದು ಕರೆಯುವ ಬಡ ಪ್ರಾಣಿಯನ್ನು ಲಕ್ಷಗಟ್ಟಲೆ ಬೆಲೆಯ ಆಸೆ ತೋರಿಸಿ ಕದ್ದು ಮಾರುವ ಮೋಸಗಾರರಿದ್ದಾರೆ. ಅದರ ಚಿತ್ರ ಸಿಕ್ಕಿದರೆ ಸ್ಥಳದ ಹೆಸರನ್ನು ಅರಣ್ಯ ಇಲಾಖೆಯವರಿಗೆ ಹೇಳಿ. ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ನಿಮ್ಮಲ್ಲಿ ಅನೇಕರ ಮೊಬೈಲಿನಲ್ಲಿ ಈಗಲೇ ಹಾವಿನ ಚಿತ್ರಗಳಿರಬಹುದು. ಸಭೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಕೂಡೋಣ. ಯಾವ ಊರಿನ ಯಾವ ಹೊಲ, ಯಾವ ತಿಂಗಳು, ಹಗಲೋ ರಾತ್ರಿಯೋ ಎಂಬುದನ್ನು ನೆನಪು ಮಾಸುವ ಮೊದಲೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳೋಣ.